ಕೂತು ಉತ್ತರ ಹೇಳುವವಳು

ಅನಿ ಯುದೋನಳಿಗೆ ವಾದ ಕಲಿಯುವ ಯೋಗ ಬಂದದ್ದು ತಲೆ ನರೆಯುವ ವಯಸ್ಸಿನಲ್ಲಿ. ಅನಿ ಎಂದರೆ ಸನ್ಯಾಸಿನಿ, ಸನ್ಯಾಸಿನಿಯ ತಲೆಯಲ್ಲಿ ಕೂದಲೆಲ್ಲಿ ಎಂದು ಕೇಳಬೇಡಿ; ಬೋಳಿಸುವಾಗ ಕಲ್ಲಿನ ಮೇಲೆ ಬೀಳುವ ಚೂರುಗಳಲ್ಲಿ ಕರಿಯದಕ್ಕಿಂತ ಬಿಳಿಯದೇ ಹೆಚ್ಚು ಕಾಣತೊಡಗಿತ್ತು. ಅಲ್ಲಿಯವರೆಗೆ ನಮ್ಮ ಟಿಬೆಟನ್ ಕ್ಯಾಂಪಿನ ಅನಿಗಳಿಗೆ ಇದ್ದ ವಿದ್ಯೆ ಎಂದರೆ ಪೂಜೆಯ ಪಾಠ ಉರುಹೊಡೆಯುವುದು, ದೀಪದ ಬಟ್ಟಲು ಉಜ್ಜುವುದು, ಸತ್ತವರ ಮನೆಗೆ ಕರೆದರೆ ಹೋಗಿ ಪಠಿಸಿ ಥುಕ್ಪಾ ಸಾರು ಕುಡಿದು ಬರುವುದು. ತರ್ಕ, ವಾದ ಎಲ್ಲ ಗಂಡಸರ ಗೋಂಪಗಳ, ಅಂದರೆ ಮಠಗಳ, ಸೊತ್ತು. ಹೆಂಗಸರಿಗೂ ತಲೆ ಇದೆ ಎಂಬುದನ್ನು ಯಾರೋ ದೊಡ್ಡವರು ಬಹಳ ತಡವಾಗಿ ಕಂಡುಹಿಡಿದರು. ಆಮೇಲೆ ಗೆನ್ ಲುಂಗ್ತೋಕ್ ಎಂಬ ಮುದಿ ಗುರುಗಳು ದಿನಾ ಮಧ್ಯಾಹ್ನ ಯಾರದೋ ಸ್ಕೂಟರಿನ ಹಿಂದೆ ಕೂತು ನಮ್ಮ ಅನಿಗಳ ಗೋಂಪಕ್ಕೆ ಬರತೊಡಗಿದರು, ಹಲಸಿನ ಮರದ ಕೆಳಗಿನ ಅಂಗಳದಲ್ಲಿ ಚಪ್ಪಾಳೆಗಳು ಶುರುವಾದವು.

ಅಡಿಗೆಮನೆಯವರೂ ಕೂರಬೇಕು, ಹಸು ನೋಡಿಕೊಳ್ಳುವವರೂ ಕೂರಬೇಕು ಎಂದು ದೊಡ್ಡ ಅನಿ ಹೇಳಿಬಿಟ್ಟರು. ಯುದೋನ್ ಹಸು ನೋಡಿಕೊಳ್ಳುವವಳು. ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಹೋಗಿ ಸುಮ್ಮನೆ ಕೂತಳು. ಬಾ ಎಂದರೆ ಬರುವುದು, ಕೂರು ಎಂದರೆ ಕೂರುವುದು ಅವಳಿಗೆ ಎಷ್ಟೋ ವರ್ಷಗಳಿಂದ ಅಭ್ಯಾಸವಾಗಿತ್ತು.

ವಾದಕ್ಕೆ ಇಬ್ಬರು ಬೇಕು. ಒಬ್ಬಳು ನೆಲದ ಮೇಲೆ ಕೂರುತ್ತಾಳೆ, ಇನ್ನೊಬ್ಬಳು ಎದುರಿಗೆ ನಿಲ್ಲುತ್ತಾಳೆ. ನಿಂತವಳು ಜಪಮಾಲೆಯನ್ನು ಎಡತೋಳಿಗೆ ಏರಿಸಿ, ಕಾಲು ಅಪ್ಪಳಿಸಿ, ಕೂತವಳ ಮುಖದೆದುರು ಚಪ್ಪಾಳೆ ತಟ್ಟಿ ಒಂದು ಮಾತು ಎಸೆಯುತ್ತಾಳೆ. ಆ ಮಾತಿನಲ್ಲಿ ಮೂರು ತುಂಡು ಇರಲೇಬೇಕು: ಯಾವುದರ ಬಗ್ಗೆ ಹೇಳುತ್ತಿದ್ದಾಳೆ, ಏನು ಹೇಳುತ್ತಿದ್ದಾಳೆ, ಯಾಕೆ ಹಾಗೆ. ಕೂತವಳಿಗೆ ಉದ್ದ ಮಾತಿನ ಹಕ್ಕಿಲ್ಲ. ‘ಒಪ್ಪಿದೆ’ ಅನ್ನಬಹುದು. ‘ಯಾಕೆ’ ಅನ್ನಬಹುದು. ‘ಆ ಕಾರಣ ಅಲ್ಲಿಲ್ಲ’ ಅನ್ನಬಹುದು. ಇಲ್ಲವೇ ‘ಹಬ್ಬಲಿಲ್ಲ’ ಅನ್ನಬಹುದು. ಈ ಕಡೆಯದೇ ಕಷ್ಟದ್ದು. ಕಾರಣವೇನೋ ಇದೆ, ಸುಳ್ಳೂ ಅಲ್ಲ, ಆದರೆ ಹೇಳಿದ ಮಾತನ್ನು ಪೂರ್ತಿ ಮುಚ್ಚುವಷ್ಟು ಅದು ಹಬ್ಬಿಲ್ಲ. ಕಂಬಳಿ ಗಿಡ್ಡ, ಕಾಲು ಹೊರಗೆ.

ಮೊದಲ ಪಾಠ ಶಂಖದ್ದು. ಬಿಳಿ ಶಂಖದ ಬಣ್ಣ ಕೆಂಪು, ಯಾಕೆಂದರೆ ಅದು ಬಣ್ಣ. ಕೇಳಿದರೆ ಎಳೆಮಗುವೂ ನಗುತ್ತದೆ. ಆದರೆ ಇದರಲ್ಲಿ ಎಲ್ಲಿ ಕೆಟ್ಟಿದೆ ಎಂದು ತೋರಿಸಬೇಕಲ್ಲ, ಅಲ್ಲೇ ಎಲ್ಲರೂ ಮುಗ್ಗರಿಸುವುದು. ಯುದೋನ್ ‘ಆ ಕಾರಣ ಅಲ್ಲಿಲ್ಲ’ ಎಂದಳು. ಎದುರಿಗೆ ನಿಂತಿದ್ದವಳು ಸಂಗ್ಮೋ, ಹದಿನೇಳರ ಹುಡುಗಿ, ನಾಲಿಗೆ ಕತ್ತರಿಯಂಥದು.

“ಅಂದ್ರೆ ಬಿಳಿ ಬಣ್ಣ ಬಣ್ಣಾನೇ ಅಲ್ವಾ ಅಕ್ಕಾ? ಮತ್ತಿನ್ನೇನದು, ಆಲೂಗಡ್ಡೆನಾ?”

ಅಂಗಳ ನಕ್ಕಿತು. ಯುದೋನಳಿಗೆ ಅವಮಾನವಾಗಲಿಲ್ಲ. ಅವಳಿಗೆ ಏನೂ ಆಗುತ್ತಿರಲಿಲ್ಲ, ಅದೇ ಅವಳ ಕಥೆ. ಮಾತು ಯಾವುದು, ಕಾರಣ ಯಾವುದು ಎಂದು ಬಿಡಿಸಿ ನೋಡಲು ಅವಳಿಗೆ ಒಂದಿಡೀ ಮಳೆಗಾಲ ಹಿಡಿಯಿತು. ಕಾರಣವನ್ನೇ ಮಾತು ಎಂದುಕೊಳ್ಳುವಳು, ಮಾತನ್ನು ಕಾರಣವೆನ್ನುವಳು. ಗೆನ್ ಲುಂಗ್ತೋಕ್ ಬೈಯುವವರಲ್ಲ. ಒಂದು ದಿನ ಅವಳ ಚಹಾದ ಬಟ್ಟಲನ್ನು ತೋರಿಸಿ ಹೇಳಿದರು, “ಬಟ್ಟಲು ಯಾವ್ದು, ತ್ಸಂಪಾ ಹಿಟ್ಟು ಯಾವ್ದು, ಚಹಾ ಯಾವ್ದು ಅಂತ ಮೊದ್ಲು ನೋಡು. ಕಲಸೋದು ಆಮೇಲೆ.” ಆ ದಿನದಿಂದ ಅವಳಿಗೆ ಸ್ವಲ್ಪ ಸ್ವಲ್ಪ ಕಾಣತೊಡಗಿತು.

ಒಂದು ವಿಷಯದಲ್ಲಿ ಮಾತ್ರ ಗುರುಗಳಿಗೂ ಅವಳಿಗೂ ಕೂಡಿಬರಲಿಲ್ಲ. ಎಲ್ಲರೂ ಸರದಿಯಂತೆ ನಿಂತು ಕೇಳಬೇಕು, ಕೂತು ಉತ್ತರ ಹೇಳಬೇಕು. ಯುದೋನ್ ಯಾವಾಗಲೂ ಕೂರುವವಳೇ. ಬಲವಂತ ಮಾಡಿ ನಿಲ್ಲಿಸಿದರೆ ಅವಳ ಚಪ್ಪಾಳೆಗೆ ಸದ್ದೇ ಬರುತ್ತಿರಲಿಲ್ಲ. ಅಕ್ಕ ಕಣಕ ತಟ್ಟುತ್ತಾಳೆ ಎಂದು ಸಂಗ್ಮೋ ಆಡಿಕೊಳ್ಳುವಳು. ನಿಂತು ಕೇಳುವವಳಿಗೆ ಏನಾದರೂ ಒಂದು ಬೇಕಿರಬೇಕು. ಯುದೋನಳಿಗೆ ಏನೂ ಬೇಕಿರಲಿಲ್ಲ. ಕೂತರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಹೇಳಿದರೆ ಮುಗಿಯಿತು, ಐದನೆಯದನ್ನು ಯಾರೂ ಕೇಳುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಅವಳು ನೆಮ್ಮದಿಯಾಗಿದ್ದಳು.

ಕೂತು ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳ ಎದೆಗೆ ಜೋಮು ಹಿಡಿದಿತ್ತು. ಹಿಡಿದದ್ದು ತಮ್ಮ ಥಾರ್ಗ್ಯಾಲ್ ಕಾಣೆಯಾದ ಮೇಲೆ. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಇಲ್ಲೇ, ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಈ ನೆಲದಲ್ಲೇ. ಆದರೆ ಅವರ ಅಜ್ಜಿ ಗಡಿಯ ಆಚೆಗೇ ಉಳಿದುಬಿಟ್ಟಿದ್ದಳು. ಗಡಿ ಸ್ವಲ್ಪ ಸಡಿಲವಾದ ವರ್ಷ, ಅಜ್ಜಿ ಇನ್ನೂ ಬದುಕಿದ್ದಾಳೆ ಎಂದು ಒಬ್ಬ ವ್ಯಾಪಾರಿ ಸುದ್ದಿ ತಂದ. ಅವರ ಅಮ್ಮ ಅಮಾ ಸಮ್ತೆನ್ ಆ ಸಲದ ಸ್ವೆಟರ್ ವ್ಯಾಪಾರದಲ್ಲಿ ಗಿಟ್ಟಿದ್ದನ್ನೆಲ್ಲ ಮಗನ ಕೈಗಿಟ್ಟು, ಕರೆತರಲು ಆಗದಿದ್ದರೆ ಮುಖವನ್ನಾದರೂ ನೋಡಿ ಬಾ ಎಂದು ಕಳಿಸಿದಳು. ನೇಪಾಳದ ಗಡಿಯ ಸೇತುವೆಯ ಹತ್ತಿರ ಅವನು ಚಹಾ ಕುಡಿಯುತ್ತಿದ್ದುದನ್ನು ನಮ್ಮ ಕ್ಯಾಂಪಿನವನೊಬ್ಬ ನೋಡಿದ್ದ. ಅಷ್ಟೇ. ಅಜ್ಜಿ ತೀರಿಕೊಂಡ ಸುದ್ದಿ ಎರಡು ವರ್ಷದ ಮೇಲೆ ಬಂತು, ಅದರ ಜೊತೆಗೇ ಇನ್ನೊಂದು ಮಾತೂ ಬಂತು: ಇಂಡಿಯಾದಿಂದ ಯಾವ ಮೊಮ್ಮಗನೂ ಇಲ್ಲಿಗೆ ಬರಲಿಲ್ಲ.

ಆ ಮಾತು ಬಂದಾಗ ಯುದೋನ್ ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಕಾಯುತ್ತಿದ್ದಳು. ಕೇಳಿಸಿಕೊಂಡು ಮತ್ತೆ ತಗಡು ಬಡಿಯತೊಡಗಿದಳು. ಅಳು ನಾಳೆ ಬರುತ್ತದೆ ಎಂದುಕೊಂಡಳು, ಬರಲಿಲ್ಲ. ಮಗಳು ಅನಿಯಾದರೆ ಮಗನಿಗೆ ಪುಣ್ಯ ಎಂದು ಅಮ್ಮ ಹೇಳಿದಳು, ಆಯಿತೆಂದು ಯುದೋನ್ ತಲೆ ಬೋಳಿಸಿಕೊಂಡಳು.

ಆದರೆ ಪುಣ್ಯ ಯಾವ ಲೆಕ್ಕದ್ದು ಎಂಬುದೇ ಇತ್ಯರ್ಥವಾಗಲಿಲ್ಲ. ನಮ್ಮಲ್ಲಿ ಇದ್ದವರಿಗೆ ಬೇರೆ ಪೂಜೆ, ಹೋದವರಿಗೆ ಬೇರೆ. ಇದ್ದವನಿಗೆ ಆಯುಷ್ಯದ ಪ್ರಾರ್ಥನೆ, ಹೋದವನಿಗೆ ದಾರಿ ತೋರಿಸುವ ಏಳು ವಾರಗಳ ಪಠಣ. ಬದುಕಿದ್ದವನಿಗೆ ಹೋದವನ ಪಠಣ ಮಾಡಿಸಿದರೆ ನಾವೇ ಅವನ ಆಯುಷ್ಯ ಕತ್ತರಿಸಿದಂತೆ. ಹೋದವನಿಗೆ ಆಯುಷ್ಯ ಬೇಡಿದರೆ ಅವನು ದಾರಿ ಕಾಣದೆ ಅಲೆಯುತ್ತಾನೆ. ಅಮಾ ಸಮ್ತೆನ್ ಎರಡನ್ನೂ ಮಾಡಿಸಲಾರದೆ, ಎರಡನ್ನೂ ಬಿಡಲಾರದೆ, ಪ್ರಾರ್ಥನಾಚಕ್ರ ತಿರುಗಿಸುತ್ತ ವರ್ಷಗಳನ್ನು ಕಳೆದಳು.

ಹೊಸ ವರ್ಷಕ್ಕೆ ಎರಡು ದಿನ ಮುಂಚಿನ ಸಂಜೆ ಗುತುಕ್ ಎಂಬ ಗಂಜಿ ಮಾಡುತ್ತೇವಲ್ಲ, ಒಬ್ಬೊಬ್ಬರ ಬಟ್ಟಲಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ ಹಾಕಿ. ಉಂಡೆಯೊಳಗೆ ಮೆಣಸಿನಕಾಯಿ ಸಿಕ್ಕರೆ ಬಾಯಾಳಿ, ಉಪ್ಪು ಸಿಕ್ಕರೆ ಸೋಮಾರಿ, ಇದ್ದಿಲು ಸಿಕ್ಕರೆ ಕರಿ ಹೃದಯದವನು. ಅಮಾ ಸಮ್ತೆನ್ ಪ್ರತಿ ವರ್ಷ ಥಾರ್ಗ್ಯಾಲನ ಬಟ್ಟಲನ್ನೂ ಇಟ್ಟು ಅವನ ಉಂಡೆಯನ್ನು ತಾನೇ ಒಡೆಯುವಳು. ಒಂದು ವರ್ಷ ಉಪ್ಪು ಬಂತು. ನೋಡಿದೆಯಾ, ಸೋಮಾರಿ, ಅದಕ್ಕೇ ಕಾಗದ ಬರೆದಿಲ್ಲ ಎಂದು ಸಮಾಧಾನಪಟ್ಟಳು. ಮರುವರ್ಷ ಇದ್ದಿಲು ಬಂತು. ಆ ಸಲ ಅಮ್ಮ ಉಂಡೆಯನ್ನು ಮುಚ್ಚಿ, ಹಿಟ್ಟು ತಟ್ಟಿ, ನಾಯಿಗೆ ಹಾಕಿದಳು.

ವಾದ ಕಲಿಯುತ್ತ ಎರಡನೆಯ ಚಳಿಗಾಲ ಬಂದಿತ್ತು. ವಾರಕ್ಕೊಮ್ಮೆ ಮನೆಗೆ ಹೋಗುವ ಪದ್ಧತಿಯಂತೆ ಯುದೋನ್ ಹೋಗಿ, ಅಮ್ಮನಿಗೆ ರೊಟ್ಟಿ ಮಾಡಿಡಲು ಹಿಟ್ಟು ನಾದುತ್ತಿದ್ದಳು. ಅಮ್ಮ ಬಾಗಿಲ ಬಿಸಿಲಿಗೆ ಕೂತಿದ್ದವಳು, ಇಷ್ಟು ವರ್ಷ ಬಾಯಿಬಿಟ್ಟು ಆಡದ ಮಾತನ್ನು ಬೀದಿಯನ್ನೇ ನೋಡುತ್ತ ಆಡಿದಳು.

“ಥಾರ್ಗ್ಯಾಲ್ ಹೋಗ್ಬಿಟ್ಟಿದಾನೆ ಕಣೆ. ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದು ಮಾತಾದ್ರೂ ಕಳಿಸ್ತಿರಲಿಲ್ವಾ.”

“ಹಬ್ಬಲಿಲ್ಲ,” ಎಂದಳು ಯುದೋನ್.

ಬೇಕೆಂದು ಹೇಳಿದ್ದಲ್ಲ. ಕೈ ಹಿಟ್ಟಿನಲ್ಲಿತ್ತು, ಬಾಯಿ ಅಂಗಳದಲ್ಲಿತ್ತು. ಏನಂದೆ ಎಂದು ಅಮ್ಮ ಕೇಳಿದಾಗ ಬಿಡಿಸಿ ಹೇಳಿದಳು. ಯಾರ ಬಗ್ಗೆ, ಥಾರ್ಗ್ಯಾಲನ ಬಗ್ಗೆ. ಏನು ಮಾತು, ಸತ್ತಿದ್ದಾನೆ ಎಂದು. ಕಾರಣ, ಸುದ್ದಿ ಕಳಿಸಿಲ್ಲ. ಕಾರಣ ನಿಜ, ಸುದ್ದಿ ಬಂದಿಲ್ಲ. ಆದರೆ ಸುದ್ದಿ ಕಳಿಸದವರೆಲ್ಲ ಸತ್ತವರೇ ಏನು? ಪಕ್ಕದ ಮನೆಯ ಯಾಂಕಿಯ ಗಂಡ ದಿಲ್ಲಿಯಲ್ಲಿ ಗುಂಡುಕಲ್ಲಿನ ಹಾಗಿದ್ದಾನೆ, ಅವನು ಕಳಿಸುತ್ತಾನೆಯೇ? ಮೂರು ತುಂಡುಗಳನ್ನು ತಡವರಿಸದೆ, ಒಂದೇ ಏಟಿಗೆ, ಸರಿಯಾಗಿ ಬಿಡಿಸಿದ್ದು ಅವಳ ಜೀವನದಲ್ಲೇ ಅದು ಮೊದಲ ಸಲ.

ಅಮ್ಮನ ಕೈಯ ಚಕ್ರ ನಿಂತಿತು. “ಅಂದ್ರೆ ಬದುಕಿದಾನೆ,” ಎಂದಳು.

ಹಾಗಲ್ಲ ಅಮ್ಮಾ ಎನ್ನಬೇಕಾಗಿತ್ತು. ಏನೋ ತಪ್ಪಿದೆ ಎಂದು ಯುದೋನಳಿಗೂ ಅನಿಸಿತು, ಆದರೆ ಯಾವ ತುಂಡಿನಲ್ಲಿ ಎಂದು ತಕ್ಷಣ ಹೊಳೆಯಲಿಲ್ಲ. ಅಮ್ಮನ ಮುಖಕ್ಕೆ ಜೀವಕಳೆ ಬಂದಿತ್ತು. ಯುದೋನ್ ಮತ್ತೆ ಹಿಟ್ಟು ನಾದಿದಳು.

ಮರುದಿನವೇ ಕ್ಯಾಂಪಿಗೆಲ್ಲ ಗೊತ್ತಾಯಿತು, ಅನಿಗಳು ತರ್ಕದಿಂದ ಥಾರ್ಗ್ಯಾಲನನ್ನು ಬದುಕಿಸಿದ್ದಾರೆ ಎಂದು. ಅಮಾ ಸಮ್ತೆನ್ ಆಯುಷ್ಯದ ಪೂಜೆ ಮಾಡಿಸಿದಳು. ಕುಶಾಲನಗರಕ್ಕೆ ಹೋಗಿ ಬಟ್ಟೆ ತಂದು, ಹೋದಾಗ ಇದ್ದ ಅಳತೆಗಿಂತ ಒಂದು ಹಿಡಿ ಅಗಲ ಬಿಟ್ಟು, ಅವನಿಗೊಂದು ಚುಪಾ ನಿಲುವಂಗಿ ಹೊಲಿಸಿದಳು. ವಯಸ್ಸಾದ ಮೇಲೆ ಗಂಡಸರಿಗೆ ಹೊಟ್ಟೆ ಬರುತ್ತದಲ್ಲ.

ಹೊಟ್ಟೆ ಬಂದದ್ದು ಅವಳಿಗೇ. ಮುಂದಿನ ಮಳೆ ಮುಗಿಯುವ ಹೊತ್ತಿಗೆ ನೀರು ತುಂಬಿ ಊದಿಕೊಂಡಿತು, ಕಣ್ಣು ಹಳದಿಯಾದವು. ಆಸ್ಪತ್ರೆಯವರು ಮನೆಗೇ ಕರೆದುಕೊಂಡು ಹೋಗಿ ಎಂದರು. ಅಮ್ಮನಿಗೆ ಗೊತ್ತಾಯಿತು, ಹೆದರಲಿಲ್ಲ. ಆದರೆ ಕಣ್ಣು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಮನಸ್ಸು ಹಿಂದಕ್ಕೆ ಸಿಕ್ಕಿಹಾಕಿಕೊಂಡು ಹೋಗುವವರಿಗೆ ದಾರಿ ಕೆಡುತ್ತದೆ, ಅವಳನ್ನು ಬಾಗಿಲಿನಿಂದ ಬಿಡಿಸಿ ಎಂದು ಬಂದುಹೋಗುವ ಮುದುಕಿಯರು ಪಿಸುಗುಡುತ್ತಿದ್ದರು. ಹೊಸ ಚುಪಾ ಎದುರಿನ ಮೊಳೆಯಲ್ಲಿ ತೂಗುತ್ತಿತ್ತು.

ಅದೇ ದಿನಗಳಲ್ಲಿ ಗೆನ್ ಲುಂಗ್ತೋಕ್ ಹೊಸ ಪಾಠ ಎತ್ತಿಕೊಂಡರು. ಅಂಗಳದ ನಡುವಿನ ಬರಿನೆಲವನ್ನು ತೋರಿಸಿದರು. ಇಲ್ಲಿ ದೆವ್ವ ಇಲ್ಲ, ಯಾಕೆಂದರೆ ನನಗೆ ಕಾಣುತ್ತಿಲ್ಲ. ಉತ್ತರ ಹೇಳಿ.

ಸಂಗ್ಮೋ ಕೂತಲ್ಲಿಂದಲೇ ಹಬ್ಬಲಿಲ್ಲ ಎಂದಳು. ದೆವ್ವ ಇದ್ದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲವಲ್ಲ.

“ಸರಿ. ಹಾಗಾದ್ರೆ ಇಲ್ಲಿ ದೆವ್ವ ಇದೆ,” ಎಂದರು ಗುರುಗಳು.

ಒಪ್ಪಿದೆ ಎಂದು ಸಂಗ್ಮೋ ಬಾಯಿ ತೆಗೆದವಳು ಅಲ್ಲೇ ತಡೆದಳು. ಹುಡುಗಿಯರು ಕಾಲು ಮುದುರಿಕೊಂಡು ನಕ್ಕರು. ಗುರುಗಳು ನಗಲಿಲ್ಲ.

“ಕಾರಣ ಮುರಿದ್ರೆ ಕಾರಣ ಮುರೀತು, ಅಷ್ಟೆ. ಮಾತು ಮುರೀಲಿಲ್ಲ, ಅದರ ಎದುರುಮಾತು ಗೆಲ್ಲಲೂ ಇಲ್ಲ. ನಮ್ಮ ಕಣ್ಣು ಮುಟ್ಟದ ಕಡೆ ಇರೋದನ್ನ ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಗೊತ್ತಿಲ್ಲ ಅನ್ನೋದನ್ನೂ ಕಲೀಬೇಕು ನೀವು.”

ಯುದೋನ್ ಆ ಖಾಲಿ ನೆಲವನ್ನು ನೋಡಿದಳು. ಅಮ್ಮನ ಮನೆಯಲ್ಲಿ ತಪ್ಪಿದ್ದ ತುಂಡು ಅಲ್ಲಿ ಬಿದ್ದಿತ್ತು. ಪಾಠ ಮುಗಿದ ಮೇಲೆ ಗುರುಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಅವರು, ವಾದ ಮನೆಗೆ ಒಯ್ಯುವ ಸಾಮಾನಲ್ಲ, ಆದರೆ ಒಯ್ದವಳು ನೀನೇ, ನೀನೇ ವಾಪಸು ತರಬೇಕು ಎಂದರು. ಹೇಗೆ ಎಂದು ಅವರೂ ಹೇಳಲಿಲ್ಲ.

ಅವಳು ನೇರ ಮನೆಗೆ ನಡೆದಳು. ಅಮ್ಮನ ಚಾಪೆಯ ಪಕ್ಕ, ವಾದಕ್ಕೆ ಕೂರುವ ಹಾಗೆಯೇ ಕಾಲು ಮಡಚಿ ಕೂತು, ಅವತ್ತು ತಾನು ಹೇಳಿದ್ದು ಅರ್ಧ ಎಂದಳು. ಅವನು ಹೋಗಿದ್ದಾನೆ ಅನ್ನುವುದಕ್ಕೆ ಕಾರಣ ಸಾಲದು ಎಂದಷ್ಟೇ ಹೇಳಿದ್ದು, ಇದ್ದಾನೆ ಎಂದು ಹೇಳಿದ್ದಲ್ಲ. ಇದ್ದಾನೆ ಅನ್ನುವುದಕ್ಕೂ ಕಾರಣವಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಪಾಠ ಒಪ್ಪಿಸುವವರ ದನಿಯಂತಿತ್ತು, ಅದು ಅವಳ ಕಿವಿಗೂ ಕೇಳಿಸಿತು.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಚುಪಾದ ಕಡೆ ನೋಡಲಿಲ್ಲ.

“ಅದು ಅಂಗಳದ ಉತ್ತರ. ನಾನು ಹೊರಟು ನಿಂತಿದೀನಿ ಯುದೋನ್, ನಂಗೆ ದಾರಿ ಹೇಳು. ಅವ್ನು ಹೋಗಿದ್ರೆ ಮುಂದೆ ನೋಡ್ಕೊಂಡು ಹೋಗ್ತೀನಿ, ಅಲ್ಲೆಲ್ಲಾದ್ರೂ ಸಿಗ್ತಾನೆ. ಇದ್ರೆ ಇಲ್ಲೇ ನೋಡ್ಕೊಂಡಿರ್ತೀನಿ. ಯಾವ ಕಡೆ ಮುಖ ಮಾಡ್ಲಿ?”

ನಾಲ್ಕು ಉತ್ತರಗಳೂ ಯುದೋನಳ ಮುಂದೆ ಇದ್ದವು. ಅಮ್ಮ ಕಾದಳು. ಆಮೇಲೆ ತಾನೇ ವಾದ ಕಟ್ಟಿದಳು; ಮಗಳು ಮನೆಯಲ್ಲಿ ಗೊಣಗಿಕೊಳ್ಳುತ್ತಿದ್ದುದನ್ನು ಕೇಳಿ ಕೇಳಿ ಅವಳಿಗೂ ಬಂದಿತ್ತು.

“ನನ್ನ ಮಗ ಥಾರ್ಗ್ಯಾಲ್. ಅವ್ನು ಹೋಗಿದಾನೆ. ಯಾಕಂದ್ರೆ ಅಮ್ಮ ಸಾಯ್ತಾ ಇದಾಳೆ, ಬಂದಿಲ್ಲ.”

ಮೂರು ತುಂಡೂ ಅಚ್ಚುಕಟ್ಟಾಗಿದ್ದವು. ಕಾರಣ ನಿಜವಾಗಿತ್ತು. ಮತ್ತೆ ಅದೇ ಗಿಡ್ಡ ಕಂಬಳಿ, ಕಾಲು ಹೊರಗೆ. ಹಬ್ಬಲಿಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

“ಒಪ್ಪಿದೆ,” ಎಂದಳು ಯುದೋನ್.

ಅಮ್ಮ ಕಣ್ಣು ತೆರೆದು ಮಗಳನ್ನು ನೋಡಿದಳು. ಆ ಹಳದಿ ಕಣ್ಣುಗಳಲ್ಲಿ ಒಂದು ಕ್ಷಣ ಹಳೆಯ ಕುಚೇಷ್ಟೆ ಬಂದುಹೋಯಿತು. ಬಲಗೈಯನ್ನು ಕಷ್ಟಪಟ್ಟು ಎತ್ತಿ, ಮಗಳ ಅಂಗೈ ಮೇಲೆ ಇಟ್ಟಳು. ಚಪ್ಪಾಳೆ ಅನ್ನಬೇಕಾದರೆ ಅನ್ನಬಹುದು.

“ನೀನು ಸೋತೆ ಕಣೆ. ಇಷ್ಟು ಸಣ್ಣ ಕಾರಣಕ್ಕೆ ಯಾರಾದ್ರೂ ಒಪ್ತಾರಾ,” ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿಸು ಎಂದು ಕೇಳಿದಳು. ಯುದೋನ್ ಅವಳನ್ನು ಬಾಗಿಲಿನಿಂದ ಬಿಡಿಸಿ ಗೋಡೆಯ ಕಡೆ, ಬುದ್ಧನ ಪಟದ ಕಡೆ ತಿರುಗಿಸಿ ಮಲಗಿಸಿದಳು. ಅಮ್ಮ ಮತ್ತೆ ಈ ಕಡೆ ತಿರುಗಲಿಲ್ಲ. ಆ ವಾರ ಮುಗಿಯುವ ಮೊದಲು ಹೋದಳು.

ಪಠಣಕ್ಕೆ ಕೂರುವ ಮುನ್ನ ಹೆಸರು ಕೇಳುವ ಅನಿ ಬಂದು, ಒಂದೇ ಹೆಸರೇ ಎಂದು ವಿಚಾರಿಸಿದಳು. ಎರಡು ಎಂದಳು ಯುದೋನ್. ಏಳು ವಾರ ಎರಡು ಹೆಸರೂ ಒಟ್ಟಿಗೆ ಕೇಳಿಬಂದವು, ಸಮ್ತೆನ್, ಥಾರ್ಗ್ಯಾಲ್. ದೀಪದ ಬಟ್ಟಲುಗಳನ್ನು ಅವಳೇ ಉಜ್ಜಿದಳು, ತುಪ್ಪ ತುಂಬಿದಳು, ಹಚ್ಚಿದಳು. ಚುಪಾವನ್ನು ದಾನ ಕೊಟ್ಟಳು. ಅದು ಯಾಂಕಿಯ ಅಣ್ಣನಿಗೆ ಸರಿಯಾಗಿ ಕೂತಿತು. ಮುದುಕಿಯರು ನಿನಗೆ ಗಟ್ಟಿ ಮನಸ್ಸು ತಾಯಿ ಎಂದು ಹೊಗಳಿದರು. ಮನಸ್ಸು ಎಲ್ಲಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ.

ಏಳು ವಾರ ಮುಗಿದ ಮರುದಿನ ಹಸುಗಳಿಗೆ ಹುಲ್ಲು ಹಾಕಿ ಅಂಗಳಕ್ಕೆ ಬಂದಳು. ಸಂಗ್ಮೋ ಅವಳಿಗೆ ಕೂರಲು ಜಾಗ ಬಿಟ್ಟು ಎದ್ದು ನಿಂತಳು. ಈಚೆಗೆ ಆ ಹುಡುಗಿಯೂ ಅವಳೊಡನೆ ಮೆತ್ತಗೆ ಮಾತಾಡುತ್ತಿದ್ದಳು.

“ನೀನು ಕೂತ್ಕೋ,” ಎಂದಳು ಯುದೋನ್.

ಸಂಗ್ಮೋ ಗುರುಗಳ ಕಡೆ ನೋಡಿ ಕೂತಳು. ಯುದೋನ್ ಜಪಮಾಲೆಯನ್ನು ತೋಳಿಗೇರಿಸಿದಳು. ಕಾಲು ಅಪ್ಪಳಿಸಿ ಕೈ ತಟ್ಟಿದಳು. ಕಣಕದ ಸದ್ದೇ ಬಂತು.

“ನನ್ನ ತಮ್ಮ ಥಾರ್ಗ್ಯಾಲ್. ಅವ್ನು ಹೋಗಿದಾನೆ. ಯಾಕಂದ್ರೆ ಅವನ ಅಕ್ಕ ಒಪ್ಪಿದಾಳೆ.”

ಸುತ್ತಲಿನ ಜೋಡಿಗಳು ಒಂದೊಂದಾಗಿ ಈ ಕಡೆ ತಿರುಗಿದವು. ಸಂಗ್ಮೋ ಮತ್ತೆ ಗುರುಗಳ ಕಡೆ ನೋಡಿದಳು. ಸಾವಿನ ಮನೆಯವಳ ಮುಂದೆ ಯಾರು ತಾನೇ ವಾದ ಮಾಡುತ್ತಾರೆ. ಗೆನ್ ಲುಂಗ್ತೋಕ್ ಗದ್ದ ಸ್ವಲ್ಪ ಎತ್ತಿ, ಉತ್ತರ ಹೇಳು ಎಂದು ಸನ್ನೆ ಮಾಡಿದರು.

“ಹಬ್ಬಲಿಲ್ಲ,” ಎಂದಳು ಸಂಗ್ಮೋ, ಕೇಳಿಸಿಯೂ ಕೇಳಿಸದ ಹಾಗೆ.

ನಿಯಮದ ಪ್ರಕಾರ ನಿಂತವಳು ಈಗ ಬೇರೆ ಕಾರಣ ತರಬೇಕು. ಯುದೋನಳ ಹತ್ತಿರ ಬೇರೆ ಕಾರಣ ಇರಲಿಲ್ಲ. ಅದೇ ಕಾರಣವನ್ನು ಇನ್ನೊಮ್ಮೆ ಹೇಳಿದಳು, ಈ ಸಲ ಚಪ್ಪಾಳೆ ಹಲಸಿನ ಮರಕ್ಕೆ ಬಡಿದು ವಾಪಸು ಬಂತು. ಹಬ್ಬಲಿಲ್ಲ ಎಂದಳು ಸಂಗ್ಮೋ. ಯುದೋನ್ ಮತ್ತೊಮ್ಮೆ ಹೇಳಿದಳು. ಅಕ್ಕ ಒಪ್ಪಿದ ಮಾತ್ರಕ್ಕೆ ತಮ್ಮ ಸಾಯುವುದಿಲ್ಲ, ಹಬ್ಬಲಿಲ್ಲ. ಯುದೋನಳ ಅಂಗೈ ಕೆಂಪಗಾಗಿ ಉರಿಯುತ್ತಿತ್ತು. ಉರಿಯುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

“ಇನ್ನೂ ಜೋರಾಗಿ ಹೇಳು,” ಎಂದಳು.

“ಹಬ್ಬಲಿಲ್ಲ ಅಕ್ಕಾ,” ಎಂದಳು ಹುಡುಗಿ, ಅಳುತ್ತ.

ಯುದೋನ್ ಮತ್ತೆ ಕೈ ಎತ್ತಿದಳು.